ಗಡಿ ದಾಟಿದ ವಿದ್ಯೆ

ಒಂದು ಸಂಸ್ಥೆ ಬೆಳೆಯಿತೆಂದು ಹೇಳುವಾಗ ಸಾಮಾನ್ಯವಾಗಿ ಅದರ ಕಟ್ಟಡಗಳನ್ನು, ಶಾಖೆಗಳನ್ನು, ಸದಸ್ಯರ ಸಂಖ್ಯೆಯನ್ನು ಎಣಿಸುವುದು ವಾಡಿಕೆ. ಹೊರದೇಶಗಳಲ್ಲಿ ಅದರ ಹೆಸರು ಕೇಳಿಬಂದರಂತೂ ಏಳಿಗೆಗೆ ಬೇರೆ ಸಾಕ್ಷಿ ಬೇಡವೆಂದು ಭಾವಿಸುವವರೇ ಹೆಚ್ಚು. ಆದರೆ ವಿದ್ಯೆಯನ್ನು ಹರಡಲೆಂದು ಹುಟ್ಟಿದ ಸಂಸ್ಥೆಗೆ ಈ ಅಳತೆ ಸಾಲದು. ಅದು ಬೇರೆ ನಾಡಿಗೆ ಹೋಗಿ ಏನನ್ನು ಕೊಟ್ಟಿತು, ಅಲ್ಲಿಂದ ಏನನ್ನು ಕಲಿಯಿತು, ತನ್ನ ಸೋಲುಗಳನ್ನು ಮುಚ್ಚಿಟ್ಟಿತೋ ತೆರೆದಿಟ್ಟಿತೋ ಎಂಬುದನ್ನೂ ನೋಡಬೇಕಾಗುತ್ತದೆ. ಈ ವಿಚಾರ ನಮ್ಮ ಮನಸ್ಸಿನಲ್ಲಿ ಗಟ್ಟಿಯಾದದ್ದು ದಂತವೈದ್ಯರ ಒಂದು ಅಂತರರಾಷ್ಟ್ರೀಯ ಸಂಘದ ಕಥೆಯನ್ನು ಕೇಳಿದ ಮೇಲೆ. ಮಠದಲ್ಲಿ ವ್ಯಾಕರಣ, ಶಾಸ್ತ್ರಗಳನ್ನು ಓದಿ ಬೆಳೆದ ನಮಗೂ ದಂತವೈದ್ಯರ ಸಂಘಕ್ಕೂ ಏನು ನಂಟು ಎಂದು ವಾಚಕರು ಕೇಳಬಹುದು. ನಂಟು ಹಲ್ಲಿನಿಂದಲೇ ಬಂದಿತು.

ಬಾಲ್ಯದಲ್ಲಿ ನಮ್ಮ ಗುರುಗಳು ವರ್ಣಗಳ ಉತ್ಪತ್ತಿಸ್ಥಾನವನ್ನು ಹೇಳಿಕೊಡುವಾಗ ತವರ್ಗವೂ ಲಕಾರ, ಸಕಾರಗಳೂ ದಂತ್ಯಗಳೆಂದು ತಿಳಿಸಿ, ನಾಲಗೆಯ ತುದಿ ಹಲ್ಲಿಗೆ ತಾಗಿತೋ ಇಲ್ಲವೋ ಎಂದು ಬಾಯಿ ತೆರೆಸಿ ನೋಡುತ್ತಿದ್ದರು. ಅರವತ್ತು ದಾಟಿದ ಮೇಲೆ ಮೇಲ್ದವಡೆಯ ಮುಂದಿನ ಎರಡು ಹಲ್ಲುಗಳನ್ನು ಕಳೆದುಕೊಂಡಾಗ ನಮ್ಮ ಸಕಾರ ಸೀಟಿಯಾಯಿತು. ಪಾಠಕ್ಕೆ ಬರುತ್ತಿದ್ದ ಚಿಕ್ಕ ಮಕ್ಕಳು ನಗಲಿಲ್ಲ. ಗುರುಗಳು ಹೇಳಿದ್ದೇ ಶುದ್ಧ ಉಚ್ಚಾರಣೆಯೆಂದು ನಂಬಿ ಆ ಸೀಟಿಯನ್ನೇ ಒಪ್ಪಿಸತೊಡಗಿದರು. ನಕ್ಕಿದ್ದರೆ ನಮಗೆ ಅಷ್ಟು ನೋವಾಗುತ್ತಿರಲಿಲ್ಲ.

ಮಠದ ವಿದ್ಯಾರ್ಥಿನಿಲಯದಲ್ಲಿ ನಮ್ಮ ಕೈಕೆಳಗೆ ಓದಿ ಈಗ ದಂತವೈದ್ಯರಾಗಿರುವ ಒಬ್ಬರು ಇಂಪ್ಲಾಂಟ್ ಮಾಡಿಸಿಕೊಳ್ಳುವಂತೆ ಸಲಹೆ ನೀಡಿದರು. ಟೈಟೇನಿಯಂ ಲೋಹದ ಚಿಕ್ಕ ತಿರುಪನ್ನು ದವಡೆಯ ಮೂಳೆಯೊಳಗೆ ಕೂರಿಸಿ, ಮೂಳೆ ಅದನ್ನು ತನ್ನದೆಂದು ಹಿಡಿದುಕೊಳ್ಳುವವರೆಗೆ ಕಾದು, ಆಮೇಲೆ ಅದರ ಮೇಲೆ ಹಲ್ಲನ್ನು ಕಟ್ಟುವ ಕ್ರಮವಿದು. ಕಾಯುವ ಕಾಲ ಕೆಲವು ತಿಂಗಳು. ಆ ತಿಂಗಳುಗಳಲ್ಲಿ ಅವರು ನಮಗೆ ಈ ವಿದ್ಯೆಯ ಚರಿತ್ರೆಯನ್ನು ಹೇಳಿದರು. ಹೇಳಲು ಅವರಿಗೊಂದು ಕಾರಣವೂ ಇತ್ತು. ತಮ್ಮ ಊರಿನ ಸುತ್ತಲಿನ ದಂತವೈದ್ಯರು ಒಂದು ಅಧ್ಯಯನ ಕೂಟವನ್ನು ಕಟ್ಟಲು ಹೊರಟು, ಅದರ ಮುಂದಾಳುತನವನ್ನು ಅವರಿಗೇ ವಹಿಸಿದ್ದರು.

ಚರಿತ್ರೆ ಸ್ವೀಡನ್ನಿನಲ್ಲಿ ಆರಂಭವಾಗುತ್ತದೆ. 1952ರಲ್ಲಿ ಪರ್-ಇಂಗ್ವಾರ್ ಬ್ರೋನೆಮಾರ್ಕ್ ಎಂಬ ಸಂಶೋಧಕರು ಮೊಲದ ಮೂಳೆಯಲ್ಲಿ ರಕ್ತಸಂಚಾರವನ್ನು ಪರೀಕ್ಷಿಸಲು ಟೈಟೇನಿಯಂ ಉಪಕರಣವನ್ನು ಇರಿಸಿದ್ದರು. ಕೆಲಸ ಮುಗಿದ ಮೇಲೆ ತೆಗೆಯಲು ನೋಡಿದರೆ ಅದು ಬರಲೇ ಇಲ್ಲ, ಮೂಳೆಯೊಂದಿಗೆ ಒಂದಾಗಿ ಹೋಗಿತ್ತು. 1965ರಲ್ಲಿ ಗೋಥೆನ್‌ಬರ್ಗ್ ನಗರದಲ್ಲಿ ದವಡೆಯ ತೊಂದರೆಯಿಂದ ಬಳಲುತ್ತಿದ್ದ ಗೋಸ್ಟಾ ಲಾರ್ಸನ್ ಎಂಬವರಿಗೆ ಮೊದಲ ಬಾರಿಗೆ ಈ ಚಿಕಿತ್ಸೆ ನಡೆಯಿತು. ಅವರು 2006ರಲ್ಲಿ ತೀರಿಕೊಳ್ಳುವವರೆಗೆ, ಅಂದರೆ ನಾಲ್ವತ್ತು ವರ್ಷಕ್ಕೂ ಮೇಲ್ಪಟ್ಟು, ಆ ಆಧಾರಗಳು ಉಳಿದಿದ್ದವು. ಇಷ್ಟಾದರೂ ಬ್ರೋನೆಮಾರ್ಕ್ ಅವರನ್ನು ಅವರ ನಾಡಿನ ದಂತವೈದ್ಯರೇ ಬಹುಕಾಲ ಒಪ್ಪಲಿಲ್ಲ. ಕೆನಡಾದ ಜಾರ್ಜ್ ಝಾರ್ಬ್ ಅವರು ಈ ಪ್ರಯೋಗವನ್ನು ತಮ್ಮಲ್ಲಿ ಪ್ರತ್ಯೇಕವಾಗಿ ಪರೀಕ್ಷಿಸಿ ನೋಡಿ, 1982ರಲ್ಲಿ ಟೊರಾಂಟೋದಲ್ಲಿ ಸಮ್ಮೇಳನವೊಂದನ್ನು ಕರೆದ ಮೇಲೆಯೇ ಉತ್ತರ ಅಮೆರಿಕದ ವಿದ್ವಾಂಸರು ಇತ್ತ ತಿರುಗಿದರು. ಒಂದು ನಾಡಿನಲ್ಲಿ ಕಂಡ ಸತ್ಯ ಇನ್ನೊಂದು ನಾಡಿನವರ ಪರೀಕ್ಷೆಯಲ್ಲಿಯೂ ನಿಂತಾಗ ಮಾತ್ರ ವಿದ್ಯೆ ಗಡಿ ದಾಟುತ್ತದೆ.

ಸ್ವಿಟ್ಸರ್ಲೆಂಡಿನಲ್ಲಿ ಇದೇ ಕೆಲಸ ಬೇರೆ ದಾರಿಯಲ್ಲಿ ಸಾಗಿತ್ತು. ಬರ್ನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಆಂಡ್ರೆ ಶ್ರೋಡರ್ ಮತ್ತು ಉದ್ಯಮಿ ಫ್ರಿಟ್ಸ್ ಸ್ಟ್ರೌಮನ್ ಸೇರಿ 1980ರಲ್ಲಿ ‘ಇಂಟರ್‌ನ್ಯಾಷನಲ್ ಟೀಮ್ ಫಾರ್ ಇಂಪ್ಲಾಂಟಾಲಜಿ’ ಎಂಬ ಸಂಘವನ್ನು ಸ್ಥಾಪಿಸಿದರು. ಅದರ ಹ್ರಸ್ವನಾಮ ಐ.ಟಿ.ಐ. ನಮ್ಮಲ್ಲಿ ಐ.ಟಿ.ಐ. ಎಂದರೆ ಫಿಟ್ಟರ್, ವೆಲ್ಡರ್ ಕೆಲಸ ಕಲಿಸುವ ಶಾಲೆ. ಹೆಸರು ಕೇಳಿ ನಾವು ಮುಗುಳ್ನಕ್ಕಾಗ ವೈದ್ಯರು, “ಅಲ್ಲಿಯೂ ತಿರುಪು ಕೂರಿಸುವುದನ್ನೇ ಕಲಿಸುವುದು ಗುರುಗಳೇ” ಎಂದರು. ಬಾಸೆಲ್ ನಗರದಲ್ಲಿ ಕಚೇರಿಯುಳ್ಳ ಆ ಸಂಘಕ್ಕೆ ಇಂದು ಭಾರತವೂ ಸೇರಿದಂತೆ ಅನೇಕ ದೇಶಗಳಲ್ಲಿ ವಿಭಾಗಗಳಿವೆ. ತರುಣ ವೈದ್ಯರು ಬೇರೊಂದು ದೇಶದ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷ ಕಲಿತು ಬರಲು ವಿದ್ಯಾರ್ಥಿವೇತನವಿದೆ. ಊರೂರುಗಳಲ್ಲಿ ವೈದ್ಯರು ಕೂಡಿ ರೋಗಿಗಳ ಸಮಸ್ಯೆಗಳನ್ನು ಚರ್ಚಿಸುವ ಸ್ಟಡಿ ಕ್ಲಬ್ಬುಗಳಿವೆ. ಕೆಲವು ವರ್ಷಗಳಿಗೊಮ್ಮೆ ನಾನಾ ದೇಶಗಳ ಪರಿಣತರು ಕೂತು, ಯಾವ ಮಾತಿಗೆ ಆಧಾರವಿದೆ, ಯಾವುದಕ್ಕೆ ಇನ್ನೂ ಇಲ್ಲ ಎಂದು ನಿರ್ಣಯಿಸುವ ಸಭೆಗಳು ನಡೆಯುತ್ತವೆ. 2013ರಲ್ಲಿ ಬರ್ನ್, 2018ರಲ್ಲಿ ಆಮ್‌ಸ್ಟರ್‌ಡ್ಯಾಮ್, 2023ರಲ್ಲಿ ಲಿಸ್ಬನ್ ನಗರಗಳಲ್ಲಿ ಅವು ನಡೆದವು.

ಮುಂದಾಳುತನದ ವಿಷಯದಲ್ಲಿಯೂ ಈ ಸಂಘ ಒಂದೇ ನಾಡಿಗೆ ಅಂಟಿಕೊಳ್ಳಲಿಲ್ಲ. 2009ರಲ್ಲಿ ಬರ್ನ್ ನಗರದ ಡೇನಿಯಲ್ ಬೂಸರ್, 2013ರಲ್ಲಿ ಅಮೆರಿಕದ ಡೇವಿಡ್ ಕಾಕ್ರನ್, 2017ರಲ್ಲಿ ಆಸ್ಟ್ರೇಲಿಯದ ಸ್ಟೀಫನ್ ಚೆನ್, 2021ರಲ್ಲಿ ಬ್ರಿಟನ್ನಿನ ಶಾರ್ಲಟ್ ಸ್ಟಿಲ್‌ವೆಲ್ ಅಧ್ಯಕ್ಷರಾದರು. ಕೊನೆಯವರು ಆ ಪೀಠವನ್ನೇರಿದ ಮೊದಲ ಮಹಿಳೆ. ಹುಟ್ಟಿದ ಮನೆಯ ಬೀಗದ ಕೈಯನ್ನು ದೂರದವರ ಕೈಗೆ ಕೊಡುವ ಮನಸ್ಸು ಎಲ್ಲ ಸಂಸ್ಥೆಗಳಿಗೂ ಇರುವುದಿಲ್ಲವೆಂಬುದು ವಾಚಕರಿಗೆ ತಿಳಿದೇ ಇದೆ.

ಆದರೂ ಒಂದು ಪ್ರಶ್ನೆಯನ್ನು ನಾವು ಕೇಳದೆ ಇರಲಾಗಲಿಲ್ಲ. “ಸಂಘದ ಸ್ಥಾಪಕರಲ್ಲಿ ಒಬ್ಬರು ಇಂಪ್ಲಾಂಟ್ ತಯಾರಿಸುವ ಉದ್ಯಮಿ ಎನ್ನುತ್ತೀಯಲ್ಲಪ್ಪಾ, ವಿದ್ಯೆ ಹರಡಿದ್ದೋ ಸರಕು ಹರಡಿದ್ದೋ?” ವೈದ್ಯರು ಬೇಸರಿಸಲಿಲ್ಲ. ಆ ಸಂಘ ತನ್ನನ್ನು ಸ್ವತಂತ್ರ ವಿದ್ವತ್ಸಂಸ್ಥೆಯೆಂದು ಹೇಳಿಕೊಳ್ಳುತ್ತದೆ, ಕಂಪನಿಯೊಡನೆ ಸಹಯೋಗವಿರುವುದನ್ನು ಮರೆಮಾಚುವುದಿಲ್ಲ, ಆದರೂ ಈ ಪ್ರಶ್ನೆಯನ್ನು ಪ್ರತಿ ತಲೆಮಾರೂ ಹೊಸದಾಗಿ ಕೇಳಿಕೊಳ್ಳುತ್ತಲೇ ಇರಬೇಕು ಎಂದರು. ಬಳಿಕ ತಮ್ಮದೇ ಇಕ್ಕಟ್ಟನ್ನು ಬಿಚ್ಚಿಟ್ಟರು. ಅವರ ಹೊಸ ಕೂಟದ ಸಭೆಗಳ ಖರ್ಚನ್ನೆಲ್ಲ ತಾನೇ ಭರಿಸುವೆನೆಂದು ಒಬ್ಬ ಮಾರಾಟಗಾರ ಮುಂದೆ ಬಂದಿದ್ದನು. ಹೋಟೆಲಿನ ಸಭಾಂಗಣ, ಊಟ, ಉಡುಗೊರೆ ಎಲ್ಲವೂ ಅವನದು. ಆದರೆ ಉಪನ್ಯಾಸಕರು ಯಾರೆಂಬುದನ್ನೂ ಅವನೇ ಗೊತ್ತುಮಾಡುವನು. ಬೇಡವೆಂದರೆ ಕೂಟಕ್ಕೆ ಹಣವಿಲ್ಲ, ಹಣವಿಲ್ಲದಿದ್ದರೆ ಜನ ಬರುವುದಿಲ್ಲ. “ಏನು ಮಾಡಲಿ ಗುರುಗಳೇ?” ಎಂದು ಕೇಳಿದರು.

“ಊಟವನ್ನು ಯಾರು ಹಾಕಿದರೂ ಉಣ್ಣಬಹುದು. ಆದರೆ ಪಾಠವನ್ನು ಯಾರು ಹೇಳಬೇಕೆಂಬುದನ್ನು ಊಟ ಹಾಕಿದವನು ಹೇಳಬಾರದು” ಎಂದಷ್ಟೇ ನಾವು ಹೇಳಿದೆವು.

ಶಿಷ್ಯರು ನಮ್ಮ ಮಾತಿಗಿಂತ ಒಂದು ಹೆಜ್ಜೆ ಮುಂದೆ ಹೋದರು. ಊಟವನ್ನೂ ಬಿಟ್ಟು, ಕಾಲೇಜೊಂದರ ಕೊಠಡಿಯಲ್ಲಿ ಬರಿಯ ಚಹಾದೊಂದಿಗೆ ಮೊದಲ ಸಭೆ ನಡೆಸಿದರು. ಬಂದವರು ಒಂಬತ್ತೇ ಜನ. ಅವರ ಮುಂದೆ ತಾವು ಗೆದ್ದ ಚಿಕಿತ್ಸೆಯ ಚಿತ್ರಗಳನ್ನು ತೋರಿಸದೆ, ಸಕ್ಕರೆ ಕಾಯಿಲೆ ಹತೋಟಿಗೆ ಬಾರದ ರೋಗಿಯೊಬ್ಬರಲ್ಲಿ ತಾವು ಕೂರಿಸಿದ ಇಂಪ್ಲಾಂಟ್ ಸಡಿಲವಾದ ಬಗೆಯನ್ನು ಎಕ್ಸರೆ ಸಮೇತ ತೋರಿಸಿದರಂತೆ. ಸಭೆ ಸ್ತಬ್ಧವಾಯಿತು. ಮುಂದಿನ ತಿಂಗಳು ಇಬ್ಬರು ಹಿರಿಯ ವೈದ್ಯರು ತಮ್ಮ ತಮ್ಮ ಸೋಲಿನ ಕಡತಗಳನ್ನು ತಾವಾಗಿಯೇ ತಂದರಂತೆ. ಮುಂದಾಳು ಎಂದರೆ ಮೊದಲು ಮಾಲೆ ಹಾಕಿಸಿಕೊಳ್ಳುವವನಲ್ಲ, ಮೊದಲು ತನ್ನ ಕಡತವನ್ನು ಬಿಚ್ಚುವವನು ಎಂಬುದು ಆ ದಿನ ನಮಗೆ ಸ್ಪಷ್ಟವಾಯಿತು.

ಇನ್ನು ಹೊರದೇಶದ ಸಂಪರ್ಕವೆಂದರೆ ಅಲ್ಲಿಂದ ಇಲ್ಲಿಗೆ ಹರಿದುಬರುವ ಒಮ್ಮುಖದ ಕಾಲುವೆಯಲ್ಲ. ಬ್ರೋನೆಮಾರ್ಕ್ ಮೊಲದ ಮೂಳೆಯನ್ನು ನೋಡುತ್ತಿದ್ದ ಅದೇ 1952ರಲ್ಲಿ ಶ್ವಾರ್ಟ್ಸ್ ಎಂಬ ವೈದ್ಯರು ಪೂರ್ವ ಆಫ್ರಿಕಾದಲ್ಲಿ ನೆಲೆಸಿದ್ದ ಭಾರತೀಯ ಮೂಲದ ಐವರು ಮಹಿಳೆಯರ ಬಾಯಿ ಕ್ರಮೇಣ ಮುಚ್ಚಿಕೊಳ್ಳುತ್ತಿರುವುದನ್ನು ವರ್ಣಿಸಿದರು. ಮರುವರ್ಷ ಜೋಶಿ ಎಂಬವರು ನಮ್ಮ ದೇಶದಲ್ಲಿ ಅದನ್ನು ಗುರುತಿಸಿದರು. ಅಡಿಕೆ ಅಗಿಯುವುದರಿಂದ ಕೆನ್ನೆಯ ಒಳಪದರ ಬಿರುಸಾಗಿ ಬಾಯಿ ತೆರೆಯದಂತಾಗುವ ಆ ರೋಗ ನಮ್ಮ ವೈದ್ಯರಿಗೆ ಚಿರಪರಿಚಿತ. ಎರಡು ಬೆರಳು ಹೋಗದ ಬಾಯಿಯೊಳಗೆ ಉಪಕರಣ ಹೋಗುವುದೆಂತು? ಅಡಿಕೆ ಅಗಿಯುವ ರೂಢಿಯಿಲ್ಲದ ಸ್ವೀಡನ್, ಸ್ವಿಟ್ಸರ್ಲೆಂಡುಗಳ ವೈದ್ಯರಿಗೆ ಇದನ್ನು ನಮ್ಮವರೇ ಕಲಿಸಬೇಕು. ಭಾರತದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ನಾಡು ನಮ್ಮದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಬೆರೆಸದ ಅಡಿಕೆಯೂ ಕ್ಯಾನ್ಸರಿಗೆ ಕಾರಣವೆಂದು ಹೇಳಿದೆ. ಬೆಳೆಗಾರ ಬಂಧುಗಳಿಗೆ ಇದು ಕಹಿಯೆನಿಸಬಹುದು. ಆದರೂ ಮನೆಯ ಮಕ್ಕಳ ಬಾಯಿಗಿಂತ ಬೆಳೆ ದೊಡ್ಡದಲ್ಲ.

ಇಂಪ್ಲಾಂಟ್ ಮಾಡಿಸಿಕೊಳ್ಳಲಿರುವ ಕುಟುಂಬಗಳಿಗೆ ಎರಡು ಮಾತು. ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ವಸಡಿನ ರೋಗ ಇವನ್ನು ವೈದ್ಯರಿಂದ ಮುಚ್ಚಿಡಬೇಡಿರಿ. ಕೂರಿಸಿದ ಇಂಪ್ಲಾಂಟಿನ ತಯಾರಕರು, ಮಾದರಿ, ಅಳತೆ ಬರೆದ ಚೀಟಿಯನ್ನು ಕೇಳಿ ಪಡೆದು ಜೋಪಾನವಾಗಿಡಿರಿ. ಮಗನ ಮನೆಗೆಂದು ಅಮೆರಿಕಕ್ಕೆ ಹೋದಾಗ ತಿರುಪು ಸಡಿಲವಾದರೆ ಅಲ್ಲಿನ ವೈದ್ಯರಿಗೆ ಬೇಕಾಗುವುದು ಆ ಚೀಟಿಯೇ. ಕಟ್ಟಿದ ಹಲ್ಲು ಹುಳುಕಾಗುವುದಿಲ್ಲ, ನಿಜ. ಆದರೆ ಅದರ ಸುತ್ತಲಿನ ವಸಡು ಕೆಡುತ್ತದೆ, ಮೂಳೆ ಕರಗುತ್ತದೆ. ಆದ್ದರಿಂದ ನಿತ್ಯದ ಶುಚಿಯೂ ನಿಯತವಾದ ತಪಾಸಣೆಯೂ ತಪ್ಪಬಾರದು. ಎಲ್ಲರಿಗೂ ಇಂಪ್ಲಾಂಟೇ ಬೇಕೆಂದೂ ಇಲ್ಲ, ಚೆನ್ನಾಗಿ ಕೂತ ಹಲ್ಲಿನ ಸೆಟ್ಟು ಅನೇಕರಿಗೆ ಸಾಕು.

ನಾವು ಮೇಲೆ ಹೇಳಿದ ಸಂಘ ಚಿಕಿತ್ಸೆಗಳನ್ನು ಸರಳ, ಮುಂದುವರಿದ, ಜಟಿಲ ಎಂದು ಮೂರಾಗಿ ವಿಂಗಡಿಸಿ, ಕೈ ಹಾಕುವ ಮೊದಲೇ ವೈದ್ಯನು ತನ್ನ ಶಕ್ತಿಯನ್ನು ಅಳೆದುಕೊಳ್ಳುವಂತೆ ಕಲಿಸುತ್ತದೆ. ಅದು ಎಷ್ಟು ದೇಶಗಳಿಗೆ ಕೈ ಚಾಚಿದೆ ಎಂಬ ಲೆಕ್ಕಕ್ಕಿಂತ ನಮಗೆ ಈ ಪಾಠವೇ ದೊಡ್ಡದಾಗಿ ಕಂಡಿತು. ತಾಲ್ಲೂಕು ಊರಿನ ತರುಣ ವೈದ್ಯನೊಬ್ಬನು ಬಂದ ರೋಗಿಗೆ, “ಅಜ್ಜಾ, ಇದು ನನ್ನ ಕೈಯಲ್ಲಾಗುವ ಕೆಲಸವಲ್ಲ, ಬಲ್ಲವರಲ್ಲಿಗೆ ಕಳಿಸಿಕೊಡುತ್ತೇನೆ” ಎಂದು ನಾಚಿಕೆಯಿಲ್ಲದೆ ಹೇಳುವ ದಿನ ಆ ವಿದ್ಯೆ ನಿಜವಾಗಿಯೂ ಇಲ್ಲಿಗೆ ಬಂದು ಮುಟ್ಟಿತೆಂದು ತಿಳಿಯಬೇಕು.