ಬಣ್ಣ ಹಚ್ಚುವ ಕೈ: ದಾದರದಿಂದ ಚಿತ್ರನಗರಿಗೆ

ಬೆಳಗಿನ ಜಾವದಲ್ಲಿ ಮುಂಬಯಿಯ ದಾದರ ನಿಲ್ದಾಣದಲ್ಲಿ ಇಳಿದ ಪ್ರವಾಸಿಯನ್ನು ಮೊದಲು ಎದುರುಗೊಳ್ಳುವುದು ಹೂವಿನ ಪರಿಮಳ. ನಿಲ್ದಾಣದ ಪಶ್ಚಿಮದ ಮಾರುಕಟ್ಟೆಯಲ್ಲಿ ಚೆಂಡುಹೂವು, ಸೇವಂತಿಗೆ, ಗುಲಾಬಿಗಳು ರಾಶಿರಾಶಿಯಾಗಿ ಬಿದ್ದಿರುತ್ತವೆ. ದೇವರ ಕೊರಳಿಗೆ, ಮದುವೆಯ ಮಂಟಪಕ್ಕೆ, ಹೆಣ್ಣಿನ ಮುಡಿಗೆ ಇಲ್ಲಿಂದ ಹೂವು ಹೊರಡುತ್ತದೆ. ಅಲಂಕಾರವೆಂದರೆ ಈ ದೇಶದ ಜನಕ್ಕೆ ಎಂದೂ ಬೇಸರವಿಲ್ಲ. ಅಲಂಕಾರವಿಲ್ಲದ ಹಬ್ಬವಿಲ್ಲ, ಮದುವೆಯಿಲ್ಲ, ಉತ್ಸವವಿಲ್ಲ. ಆದರೆ ಕೂಲಿ ಪಡೆದು ಇನ್ನೊಬ್ಬರ ಮುಖಕ್ಕೆ ಬಣ್ಣ ಹಚ್ಚುವ, ಇನ್ನೊಬ್ಬರ ಕೂದಲನ್ನು ತಿದ್ದುವ ಕೈಯ ಮಾತು ಬಂದಾಗ ಮಾತ್ರ ಅದೇ ಜನರ ಧ್ವನಿ ಬದಲಾಗುತ್ತದೆ. ಅಲಂಕಾರ ಬೇಕು, ಅಲಂಕರಿಸುವವರ ನೆಂಟಸ್ತಿಕೆ ಬೇಡ.

ಈ ವಿಚಿತ್ರ ಮನೋಭಾವದ ಚರಿತ್ರೆಯನ್ನು ಕಣ್ಣಾರೆ ಕಾಣಬೇಕೆಂದಿದ್ದರೆ ಮುಂಬಯಿಯ ಪಶ್ಚಿಮ ರೈಲುಮಾರ್ಗದಲ್ಲಿ ಒಂದು ದಿನ ಸಂಚರಿಸಿದರೆ ಸಾಕು. ದಾದರ, ಮಲಾಡ್, ಗೋರೆಗಾಂವ್: ಈ ಮೂರು ನಿಲ್ದಾಣಗಳ ನಡುವೆ ಒಂದು ಶತಮಾನದ ಕಥೆ ಅಡಗಿದೆ.

ಹರಿಶ್ಚಂದ್ರನ ಕಾರ್ಖಾನೆ

ಮೇಲುಸೇತುವೆಯನ್ನು ದಾಟಿ ದಾದರದ ಪೂರ್ವಭಾಗಕ್ಕೆ ಬಂದರೆ ದಾದಾಸಾಹೇಬ್ ಫಾಲ್ಕೆ ರಸ್ತೆ ಸಿಗುತ್ತದೆ. ಹಿಂದೆ ಇದು ದಾದರದ ಮುಖ್ಯರಸ್ತೆ. ಅಂಗಡಿಗಳ ಸಾಲು, ಬಸ್ಸುಗಳ ಗದ್ದಲ, ನಡುವೆ ಹಳೆಯ ಕಟ್ಟಡಗಳು. ಇಲ್ಲಿಯೇ ಧುಂಡಿರಾಜ ಗೋವಿಂದ ಫಾಲ್ಕೆಯವರು ತಮ್ಮ ‘ರಾಜಾ ಹರಿಶ್ಚಂದ್ರ’ ಚಿತ್ರವನ್ನು ತಯಾರಿಸಿದರು. 1913ರ ಮೇ 3ರಂದು ಗಿರಗಾಂವಿನ ಕಾರೊನೇಷನ್ ಚಿತ್ರಮಂದಿರದಲ್ಲಿ ಆ ಚಿತ್ರ ಸಾರ್ವಜನಿಕರಿಗೆ ಪ್ರದರ್ಶಿತವಾಯಿತು.

ಯಂತ್ರವನ್ನು ಫಾಲ್ಕೆಯವರು ವಿಲಾಯಿತಿಯಿಂದ ತಂದರು. ಕಥೆಯನ್ನು ಪುರಾಣದಿಂದ ತೆಗೆದುಕೊಂಡರು. ಸಿಗದಿದ್ದುದು ಒಂದೇ: ತಾರಾಮತಿಯ ಪಾತ್ರಕ್ಕೆ ಒಬ್ಬ ಸ್ತ್ರೀ. ಮುಖಕ್ಕೆ ಬಣ್ಣ ಬಳಿದುಕೊಂಡು ಯಂತ್ರದ ಮುಂದೆ ನಿಲ್ಲುವುದಕ್ಕೆ ಮರ್ಯಾದಸ್ಥರ ಮನೆಯ ಹೆಂಗಸರಿರಲಿ, ವೇಶ್ಯಾವಾಟಿಕೆಯ ಹೆಂಗಸರೂ ಒಪ್ಪಲಿಲ್ಲ. ಕೊನೆಗೆ ಉಪಾಹಾರಗೃಹವೊಂದರಲ್ಲಿ ಕೆಲಸಕ್ಕಿದ್ದ ಅಣ್ಣಾ ಸಾಳುಂಕೆ ಎಂಬ ತರುಣನನ್ನು ಕರೆತಂದು, ಹೆಚ್ಚಿನ ಸಂಬಳ ಕೊಟ್ಟು, ಸೀರೆಯುಡಿಸಿ ತಾರಾಮತಿಯನ್ನಾಗಿ ಮಾಡಬೇಕಾಯಿತು. ಇದೇ ಸಾಳುಂಕೆಯವರು 1917ರ ‘ಲಂಕಾದಹನ’ದಲ್ಲಿ ರಾಮನೂ ಆದರು, ಸೀತೆಯೂ ಆದರು!

ಬಣ್ಣದ ಮೇಲಿನ ಅಪನಂಬಿಕೆ ಹೆಂಗಸರಿಗೆ ಮಾತ್ರ ಮೀಸಲಾಗಿರಲಿಲ್ಲ. ಚಿತ್ರದಲ್ಲಿ ದುಡಿಯುತ್ತೇವೆಂದು ಹೇಳಿಕೊಂಡರೆ ಗಂಡಸರಿಗೂ ನೆರೆಹೊರೆಯಲ್ಲಿ ತಲೆಯೆತ್ತಿ ನಡೆಯುವುದು ಕಷ್ಟವಾಗಿತ್ತು. ಆದ್ದರಿಂದ ಯಾರಾದರೂ ಕೇಳಿದರೆ ‘ಹರಿಶ್ಚಂದ್ರನ ಕಾರ್ಖಾನೆಯಲ್ಲಿ ಕೆಲಸ’ ಎಂದು ಹೇಳಿರೆಂದು ಫಾಲ್ಕೆಯವರು ತಮ್ಮವರಿಗೆ ಕಲಿಸಿಕೊಟ್ಟಿದ್ದರಂತೆ. ಸತ್ಯಕ್ಕಾಗಿ ರಾಜ್ಯವನ್ನೂ ಮಡದಿಮಕ್ಕಳನ್ನೂ ತೊರೆದ ದೊರೆಯ ಕಥೆಯನ್ನು ಚಿತ್ರಿಸುತ್ತಿದ್ದವರು ತಮ್ಮ ಕಸುಬಿನ ವಿಷಯದಲ್ಲಿ ಸತ್ಯವನ್ನು ಮರೆಮಾಚಬೇಕಾಯಿತು! 2009ರಲ್ಲಿ ಬಂದ ಮರಾಠಿ ಚಿತ್ರ ‘ಹರಿಶ್ಚಂದ್ರಾಚಿ ಫ್ಯಾಕ್ಟರಿ’ಯ ಹೆಸರಿನ ಹಿಂದಿರುವುದು ಈ ಪ್ರಸಂಗವೇ.

ಆದರೂ ಬಾಗಿಲು ಹೆಚ್ಚು ಕಾಲ ಮುಚ್ಚಿರಲಿಲ್ಲ. 1913ರಲ್ಲಿಯೇ ತಯಾರಾದ ‘ಮೋಹಿನಿ ಭಸ್ಮಾಸುರ’ದಲ್ಲಿ ದುರ್ಗಾಬಾಯಿ ಕಾಮತ್ ಮತ್ತು ಅವರ ಎಳೆಯ ಮಗಳು ಕಮಲಾಬಾಯಿ ಅಭಿನಯಿಸಿದರು. ಇತ್ತ ಕರ್ನಾಟಕದ ವೃತ್ತಿನಾಟಕ ಕಂಪೆನಿಗಳಲ್ಲಿಯೂ ಬಹುಕಾಲ ಸ್ತ್ರೀಪಾತ್ರಗಳನ್ನು ಪುರುಷರೇ ವಹಿಸುತ್ತಿದ್ದರೆಂಬುದನ್ನು ನೆನೆದರೆ, ಆ ತಾಯಿಮಗಳ ಧೈರ್ಯದ ಬೆಲೆ ತಿಳಿದೀತು.

ಆ ಕಾಲದ ಬಣ್ಣಗಾರನ ಕೆಲಸವೂ ಸುಲಭದ್ದಲ್ಲ. ಅಂದಿನ ಫಿಲ್ಮಿನ ಸುರುಳಿಗೆ ಕೆಂಪು ಬಣ್ಣ ಕಾಣಿಸುತ್ತಿರಲಿಲ್ಲ. ಕೆಂಪೆಲ್ಲ ಕಪ್ಪಾಗಿ ಮೂಡುತ್ತಿತ್ತು. ತುಟಿಗೆ ಕೆಂಪು ಹಚ್ಚಿದರೆ ತೆರೆಯ ಮೇಲೆ ಮಸಿ ಬಳಿದಂತೆ ತೋರುತ್ತಿತ್ತು. ಕೆನ್ನೆಯ ಸಹಜವಾದ ಕೆಂಪು ಕೂಡ ಕಲೆಯಂತೆ ಕಾಣುತ್ತಿತ್ತು. ಕಣ್ಣಿಗೆ ಒಂದು, ಯಂತ್ರಕ್ಕೆ ಇನ್ನೊಂದು. ಈ ಎರಡು ಲೆಕ್ಕವನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಬಣ್ಣವನ್ನು ಬೆರೆಸಬೇಕಾಗಿತ್ತು. ಇದು ಒಳ್ಳೆಯ ಅಭ್ಯಾಸವನ್ನು ಬೇಡುವ ವಿದ್ಯೆ. ಆದರೆ ವಿದ್ಯೆಯೆಂದು ಅದನ್ನು ಕರೆದವರು ವಿರಳ.

ಮೇಜಿನ ಮೇಲಿನ ಸ್ನೋ ಡಬ್ಬಿ

ದಾದರದಲ್ಲಿ ಲೋಕಲ್ ಗಾಡಿ ಹತ್ತಿದರೆ ಬಾಂದ್ರಾ, ಸಾಂತಾಕ್ರೂಜ್, ಅಂಧೇರಿಗಳು ಒಂದರ ಹಿಂದೊಂದು ಓಡುತ್ತವೆ. ಗಾಡಿಯೊಳಗೆ ನೂಕುನುಗ್ಗಲು. ಮಹಿಳೆಯರ ಡಬ್ಬಿಯಲ್ಲಿ ಕೈಗನ್ನಡಿ ಹಿಡಿದು ಹಣೆಯ ಬೊಟ್ಟನ್ನೋ ತುಟಿಯ ಬಣ್ಣವನ್ನೋ ಸರಿಪಡಿಸಿಕೊಳ್ಳುವ ಹೆಂಗಸರು ಎಷ್ಟೋ ಮಂದಿ. ಇದನ್ನು ಕಂಡು ಹುಬ್ಬೇರಿಸುವವರು ಇಂದು ಯಾರೂ ಇಲ್ಲ.

ಈ ಬದಲಾವಣೆಯಲ್ಲಿಯೂ ಮುಂಬಯಿಯ ಪಾತ್ರ ದೊಡ್ಡದು. ಕನ್ನಡನಾಡಿನ ಮನೆಗಳಲ್ಲಿಯೂ ಹೆಸರಾಗಿದ್ದ ‘ಅಫ್ಘಾನ್ ಸ್ನೋ’ ಎಂಬ ಮುಖಲೇಪವನ್ನು ಈ ನಗರದ ಪಾಟನ್‌ವಾಲಾ ಎಂಬ ವ್ಯಾಪಾರಿ 1919ರಲ್ಲಿ ಹೊರತಂದರು. ಸ್ವಾತಂತ್ರ್ಯಾನಂತರ, ಪರದೇಶದ ಪ್ರಸಾಧನ ಸಾಮಗ್ರಿಗಳಿಗೆ ದೇಶದ ಹಣ ಹರಿದುಹೋಗುವುದನ್ನು ತಡೆಯಬೇಕೆಂಬ ಚಿಂತೆ ಸರ್ಕಾರಕ್ಕೆ ಉಂಟಾದಾಗ, 1952ರಲ್ಲಿ ಟಾಟಾ ಸಂಸ್ಥೆಯವರು ಇಲ್ಲಿಯೇ ‘ಲ್ಯಾಕ್ಮೆ’ಯನ್ನು ಆರಂಭಿಸಿದರು. ಫ್ರಾನ್ಸಿನ ಗೀತನಾಟಕವೊಂದರ ನಾಯಕಿಯ ಹೆಸರು ಅದು. ಮೂಲದಲ್ಲಿ ನಮ್ಮ ‘ಲಕ್ಷ್ಮಿ’ಯೇ.

ಹೀಗೆ ಡಬ್ಬಿ ಮನೆಯೊಳಗೆ ಬಂದಿತು. ಕನ್ನಡಿಯ ಮುಂದಿನ ಮೇಜಿನ ಮೇಲೆ ಮರ್ಯಾದೆಯ ಸ್ಥಾನವನ್ನೂ ಪಡೆಯಿತು. ಆದರೆ ಆ ಡಬ್ಬಿಯ ವಿದ್ಯೆಯನ್ನೇ ಜೀವನೋಪಾಯವಾಗಿ ಮಾಡಿಕೊಂಡವರಿಗೆ ಅಷ್ಟು ಸುಲಭವಾಗಿ ಸ್ಥಾನ ಸಿಗಲಿಲ್ಲ. ‘ಓದು ತಲೆಗೆ ಹತ್ತಲಿಲ್ಲ, ಅದಕ್ಕೇ ಈ ಕೆಲಸ ಹಿಡಿದಳು’ ಎಂಬುದು ಒಂದು ಮಾತು. ‘ಗಂಡಸಾಗಿ ಇದೆಂಥ ಕೆಲಸ’ ಎಂಬುದು ಇನ್ನೊಂದು. ಮಗಳ ಮದುವೆಗೆ ಮುಂಜಾನೆ ನಾಲ್ಕಕ್ಕೆ ಬಂದು ವಧುವನ್ನು ಸಿಂಗರಿಸಿಕೊಟ್ಟವಳನ್ನು ಹಾಡಿ ಹೊಗಳಿದ ತಾಯಿಯೇ, ಮಗನಿಗೆ ಹೆಣ್ಣು ನೋಡುವಾಗ ಅದೇ ವೃತ್ತಿಯ ಹುಡುಗಿಯೆಂದರೆ ಜಾತಕವನ್ನು ಮೆಲ್ಲಗೆ ಹಿಂದಿರುಗಿಸುವುದುಂಟು.

ಮಲಾಡಿನ ನಾಯಕಿ

ಗೋರೆಗಾಂವನ್ನು ದಾಟಿ ಮೊದಲು ಮಲಾಡಿನಲ್ಲಿ ಇಳಿಯುವುದು ಮೇಲು. ಕಥೆಯ ಕ್ರಮ ಅದು. 1934ರಲ್ಲಿ ಹಿಮಾಂಶು ರಾಯ್ ಮತ್ತು ದೇವಿಕಾ ರಾಣಿ ದಂಪತಿಗಳು ‘ಬಾಂಬೆ ಟಾಕೀಸ್’ ಚಿತ್ರಸಂಸ್ಥೆಯನ್ನು ಕಟ್ಟಿದ್ದು ಇಲ್ಲಿ. ಜರ್ಮನಿಯಿಂದ ಬಂದ ನಿರ್ದೇಶಕ, ಛಾಯಾಗ್ರಾಹಕರು ಇಲ್ಲಿ ದುಡಿದರು. ‘ಅಛೂತ್ ಕನ್ಯಾ’ 1936ರಲ್ಲಿ ಇಲ್ಲಿಂದ ಹೊರಬಂದಿತು. 1950ರ ದಶಕದಲ್ಲಿ ಸಂಸ್ಥೆ ಮುಚ್ಚಿಹೋಯಿತು. ಆ ಆವರಣವನ್ನು ಹುಡುಕಿಕೊಂಡು ಬಂದವರಿಗೆ ಸಿಗುವುದು ಸಣ್ಣಪುಟ್ಟ ಕಾರ್ಖಾನೆಗಳ ಸದ್ದು ಮತ್ತು ಶಿಥಿಲವಾದ ಗೋಡೆಗಳು.

ಆದರೆ ಇಲ್ಲಿ ನಿಂತು ನೆನೆಯಬೇಕಾದ ಸಂಗತಿಯೊಂದಿದೆ. ದೇವಿಕಾ ರಾಣಿಯವರು ಸುಶಿಕ್ಷಿತ ಮನೆತನದವರು. ರವೀಂದ್ರನಾಥ ಠಾಕೂರರ ಬಂಧುವರ್ಗಕ್ಕೆ ಸೇರಿದವರು. ಲಂಡನ್ನಿನಲ್ಲಿ ನಾಟಕ, ಸಂಗೀತ, ವಸ್ತ್ರವಿನ್ಯಾಸಗಳ ಜೊತೆಗೆ ಎಲಿಜಬೆತ್ ಆರ್ಡೆನ್ ಸಂಸ್ಥೆಯಲ್ಲಿ ಪ್ರಸಾಧನ ಕಲೆಯನ್ನೂ ಅವರು ಅಭ್ಯಾಸ ಮಾಡಿದ್ದರು. ಅವರಿಗೆ ಬಣ್ಣವು ಕಲಿಯತಕ್ಕ ಶಾಸ್ತ್ರವಾಗಿತ್ತು, ನಾಚಿಕೆಯ ವಿಷಯವಾಗಿರಲಿಲ್ಲ. 1945ರಲ್ಲಿ ಚಿತ್ರರಂಗವನ್ನು ಬಿಟ್ಟು ರಷ್ಯದ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಅವರನ್ನು ವರಿಸಿದ ಆಕೆ ಮುಂದೆ ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ತೋಟದಲ್ಲಿ ನೆಲೆಸಿ, 1994ರಲ್ಲಿ ಬೆಂಗಳೂರಿನಲ್ಲಿಯೇ ಕಣ್ಮುಚ್ಚಿದರು. 1969ನೆಯ ಸಾಲಿನ ಮೊತ್ತಮೊದಲ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸಂದದ್ದು ಅವರಿಗೆ. ಬಣ್ಣ ಹಚ್ಚಿಕೊಳ್ಳುವ ಹೆಣ್ಣು ಸಿಗದೆ ಪರದಾಡಿದ ಫಾಲ್ಕೆಯವರ ಹೆಸರಿನ ಪ್ರಶಸ್ತಿ, ಬಣ್ಣದ ವಿದ್ಯೆಯನ್ನು ಶ್ರದ್ಧೆಯಿಂದ ಕಲಿತ ಹೆಣ್ಣಿಗೆ ಮೊದಲು ಬಂದದ್ದು ಎಂಥ ಯೋಗಾಯೋಗ!

ಚಿತ್ರನಗರಿಯ ಬಣ್ಣದ ಕೋಣೆ

ಮಲಾಡಿನಿಂದ ಒಂದು ನಿಲ್ದಾಣ ಹಿಂದಕ್ಕೆ ಬಂದರೆ ಗೋರೆಗಾಂವ್. ಪೂರ್ವದ ಗುಡ್ಡಗಾಡಿನ ಮಗ್ಗುಲಲ್ಲಿ, 500 ಎಕರೆಗೂ ಮೀರಿದ ವಿಸ್ತಾರದಲ್ಲಿ, ಮಹಾರಾಷ್ಟ್ರ ಸರ್ಕಾರ 1977ರಲ್ಲಿ ನಿರ್ಮಿಸಿದ ಚಿತ್ರನಗರಿಯಿದೆ. ಇದಕ್ಕೂ ಫಾಲ್ಕೆಯವರದೇ ಹೆಸರು. ಒಂದು ಕಡೆ ಆರೆ ಹಾಲಿನ ಕಾಲೊನಿ, ಇನ್ನೊಂದು ಕಡೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡು. ರಾತ್ರಿ ಚಿರತೆ ಸುಳಿಯುವುದೂ ಉಂಟು. ಒಳಗೆ ದೇವಸ್ಥಾನ, ನ್ಯಾಯಾಲಯ, ಹಳ್ಳಿಯ ಬೀದಿಗಳೆಲ್ಲ ಹಲಗೆ ಮತ್ತು ಗಾರೆಗಳಿಂದ ಎದ್ದು ನಿಂತು, ಕೆಲಸ ಮುಗಿದೊಡನೆ ಕಳಚಿಹೋಗುತ್ತವೆ.

ದೀಪಗಳು ಬೆಳಗುವ ಮುನ್ನವೇ ಇಲ್ಲಿ ಕೆಲಸ ಶುರುವಾಗುವುದು ಬಣ್ಣದ ಕೋಣೆಯಲ್ಲಿ. ಕನ್ನಡಿಯ ಸುತ್ತ ದೀಪಗಳ ಸಾಲು. ಮುಂದೆ ಕುಂಚಗಳು, ಸ್ಪಂಜುಗಳು, ಹತ್ತಾರು ಛಾಯೆಯ ಲೇಪಗಳು. ಮೊದಲು ಮುಖವನ್ನು ಶುದ್ಧಗೊಳಿಸಿ, ಮೈಬಣ್ಣಕ್ಕೆ ಹೊಂದುವ ತಳಲೇಪವನ್ನು ಹಚ್ಚಬೇಕು. ಮೂಗಿನ ಏರು, ಕೆನ್ನೆಯ ತಗ್ಗುಗಳನ್ನು ನೆರಳುಬೆಳಕಿನಿಂದ ತಿದ್ದಬೇಕು. ಪ್ರಖರವಾದ ದೀಪದ ಕಾವಿಗೆ ಬೆವರೊಡೆದಾಗ ಕ್ಷಣದಲ್ಲಿ ಒರೆಸಿ ಸರಿಮಾಡಬೇಕು. ಇಂದು ತೆಗೆದ ದೃಶ್ಯದ ಮುಂದಿನ ಭಾಗವನ್ನು ಇಪ್ಪತ್ತು ದಿನಗಳ ಬಳಿಕ ತೆಗೆದರೆ, ಹಣೆಯ ಗಾಯದ ಗುರುತು ಅಂದಿದ್ದ ಸ್ಥಳದಲ್ಲಿಯೇ, ಅಷ್ಟೇ ಉದ್ದದಲ್ಲಿ ಇರಬೇಕು. ಇಂದಿನ ಸೂಕ್ಷ್ಮವಾದ ಡಿಜಿಟಲ್ ಕ್ಯಾಮೆರಾ ಒಂದು ಎಳೆಯ ತಪ್ಪನ್ನೂ ಮನ್ನಿಸುವುದಿಲ್ಲ. ‘ಪೌಡರ್ ಬಳಿಯುವ ಕೆಲಸ’ ಎಂದು ಹಗುರವಾಗಿ ಆಡುವವರು ಒಂದು ದಿನ ಈ ಕೋಣೆಯ ಮೂಲೆಯಲ್ಲಿ ನಿಂತು ನೋಡಬೇಕು.

ಇಂಥ ಕೋಣೆಗಳಲ್ಲಿ ದಶಕಗಳ ಕಾಲ ಒಂದು ಕಟ್ಟಳೆ ನಡೆದುಬಂದಿತ್ತು. ಮುಖಕ್ಕೆ ಬಣ್ಣ ಹಚ್ಚುವವನು ಗಂಡಸೇ ಆಗಿರಬೇಕು. ಹೆಂಗಸರು ಕೂದಲನ್ನು ಮಾತ್ರ ಸಿಂಗರಿಸಬಹುದು. ಒಂದೇ ಕನ್ನಡಿ, ಒಂದೇ ಕುರ್ಚಿ. ಹಣೆಯ ಅಂಚಿನಲ್ಲಿ ಗಡಿರೇಖೆ! ಸ್ಟುಡಿಯೋದ ಹೊರಗೆ, ಊರೂರುಗಳಲ್ಲಿ ಕೂದಲಿನ ಕಸುಬು ತಲೆತಲಾಂತರದಿಂದ ಗಂಡಸರದಾಗಿತ್ತು; ಮದುಮಗಳ ಮುಖಕ್ಕೆ ಅರಿಸಿನ ಹಚ್ಚುವುದು ಹೆಂಗಸರದಾಗಿತ್ತು. ಸ್ಟುಡಿಯೋದ ಒಳಗೆ ಎರಡೂ ತಲೆಕೆಳಗು. ಯಾವ ಕೆಲಸ ಯಾರದೆಂಬುದನ್ನು ಪ್ರಕೃತಿ ಗೊತ್ತುಮಾಡುವುದಿಲ್ಲ, ಅನುಕೂಲ ಗೊತ್ತುಮಾಡುತ್ತದೆಯೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಚಾರು ಖುರಾನಾ ಎಂಬ ತರುಣಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪ್ರಸಾಧನ ಕಲೆಯನ್ನು ಕಲಿತು ಬಂದು, ಮುಂಬಯಿಯ ಕಲಾವಿದರ ಸಂಘದ ಸದಸ್ಯತ್ವಕ್ಕೆ ಅರ್ಜಿ ಹಾಕಿದರು. ಅದು ಚಿತ್ರರಂಗದ ವಸ್ತ್ರ, ಪ್ರಸಾಧನ, ಕೇಶವಿನ್ಯಾಸ ಕೆಲಸಗಾರರ ಸಂಘ; ಅದರ ಗುರುತುಚೀಟಿಯಿಲ್ಲದೆ ಸೆಟ್ಟಿನಲ್ಲಿ ಕೆಲಸ ಸಿಗುವುದು ಕಷ್ಟ. ಅರ್ಜಿ ತಿರಸ್ಕೃತವಾಯಿತು. ಆಕೆ ಹೆಣ್ಣೆಂಬುದು ಒಂದು ಕಾರಣ. ಮಹಾರಾಷ್ಟ್ರದಲ್ಲಿ ಐದು ವರ್ಷ ವಾಸವಾಗಿರಲಿಲ್ಲವೆಂಬುದು ಇನ್ನೊಂದು. ಹೆಂಗಸರನ್ನು ಸೇರಿಸಿಕೊಂಡರೆ ಗಂಡಸರಿಗೆ ಕೆಲಸ ಸಿಗದೆಂಬುದು ಸಂಘದ ಅಂಜಿಕೆ.

ಈ ಅಂಜಿಕೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ಲೋಕದ ಮೂದಲಿಕೆಯನ್ನು ಸಹಿಸಿಕೊಂಡು, ಪೆಟ್ಟಿಗೆ ಹೊತ್ತು, ದಿನಗೂಲಿಯಲ್ಲಿ ಮನೆಮಂದಿಯನ್ನು ಸಾಕಿದ ಗಂಡಸರ ಅಂಜಿಕೆ ಅದು. ಆದರೆ ಒಬ್ಬರ ಅನ್ನವನ್ನು ಉಳಿಸುವುದಕ್ಕಾಗಿ ಇನ್ನೊಬ್ಬರ ಕೈಯನ್ನು ಕಟ್ಟುವುದು ನ್ಯಾಯವಾದೀತೆ? ಚಾರು ಖುರಾನಾ ಮತ್ತು ಸಂಗಡಿಗರು ಈ ಪ್ರಶ್ನೆಯನ್ನು 2013ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದಿಟ್ಟರು. 2014ರ ನವೆಂಬರ್ 10ರಂದು ನ್ಯಾಯಮೂರ್ತಿ ದೀಪಕ್ ಮಿಶ್ರಾ ಮತ್ತು ನ್ಯಾಯಮೂರ್ತಿ ಉದಯ್ ಲಲಿತ್ ಅವರ ಪೀಠ ತೀರ್ಪಿತ್ತಿತು. ಲಿಂಗಭೇದದ ನಿಯಮವೂ ಐದು ವರ್ಷದ ವಾಸದ ನಿಯಮವೂ ಸಂವಿಧಾನಕ್ಕೆ ವಿರುದ್ಧವೆಂದು ಎರಡನ್ನೂ ರದ್ದುಪಡಿಸಿತು. ಅರ್ಜಿದಾರರನ್ನು ಸದಸ್ಯರನ್ನಾಗಿ ನೋಂದಾಯಿಸಿಕೊಳ್ಳಬೇಕೆಂದು ಆಜ್ಞಾಪಿಸಿತು. ಸಮಾನತೆ, ತನಗೊಪ್ಪಿದ ವೃತ್ತಿಯನ್ನು ನಡೆಸುವ ಸ್ವಾತಂತ್ರ್ಯ, ಘನತೆಯಿಂದ ಬದುಕುವ ಹಕ್ಕು: ಈ ಮೂರೂ ಬಣ್ಣದ ಕೋಣೆಯ ಹೊಸ್ತಿಲನ್ನು ದಾಟಿ ಒಳಗೆ ಬಂದವು.

1913ರಲ್ಲಿ ಹೆಣ್ಣು ಬಣ್ಣಕ್ಕೆ ಹೆದರಿ ದೂರ ನಿಂತಳು. 2014ರಲ್ಲಿ ಅದೇ ಬಣ್ಣದ ಕುಂಚಕ್ಕಾಗಿ ಆಕೆ ದೇಶದ ಅತ್ಯುನ್ನತ ನ್ಯಾಯಾಲಯದ ಮೆಟ್ಟಿಲೇರಿದಳು. ಬಣ್ಣ ಕೀಳೆಂದಾಗ ಅದು ಬೇರೆಯವರ ಪಾಲು. ಬಣ್ಣದಿಂದ ಅನ್ನ ಹುಟ್ಟತೊಡಗಿದಾಗ ಅದಕ್ಕೆ ಬೇಲಿ. ಲೋಕದ ರೀತಿ ಹೀಗೆ.

ಸಂಜೆಯ ಗಾಡಿ

ಹೊತ್ತು ಮುಳುಗುವಾಗ ಚಿತ್ರನಗರಿಯ ಇಳಿಜಾರಿನಲ್ಲಿ ಸಾಲಾಗಿ ನಿಂತ ಗಾಡಿಗಳಲ್ಲಿ ದೀಪಗಳು ಬೆಳಗುತ್ತವೆ. ನಟನಟಿಯರು ಬಣ್ಣ ಕಳಚಿ ಮನೆಗೆ ಹೊರಡುತ್ತಾರೆ. ಅವರ ನಂತರ ಹೊರಡುವವರು ಬಣ್ಣ ಹಚ್ಚಿದವರು. ಕುಂಚಗಳನ್ನು ತೊಳೆದು, ಒರೆಸಿ, ಪೆಟ್ಟಿಗೆಗೆ ಸೇರಿಸುವ ಕೆಲಸ ಬಾಕಿಯಿರುತ್ತದಲ್ಲ.

ಗೋರೆಗಾಂವ್ ನಿಲ್ದಾಣದಲ್ಲಿ ಭಾರವಾದ ಕರಿಯ ಪೆಟ್ಟಿಗೆ ಹಿಡಿದು ಗಾಡಿಗೆ ಕಾಯುವ ಹೆಂಗಸರೂ ಇಂದು ಕಾಣಸಿಗುತ್ತಾರೆ. ಪಕ್ಕದ ಹಿರಿಯಾಕೆ ಕುತೂಹಲದಿಂದ, ‘ಏನು ಕೆಲಸ ಮಾಡುತ್ತೀ ಮಗಳೇ?’ ಎಂದು ಕೇಳಿದರೆ ಉತ್ತರಕ್ಕಾಗಿ ತಡವರಿಸಬೇಕಾಗಿಲ್ಲ. ಕಾನೂನು ಅವರ ಪಕ್ಷದಲ್ಲಿದೆ. ಆದರೆ ಆ ಉತ್ತರವನ್ನು ಕೇಳಿದ ಮೇಲೆ ಹಿರಿಯಾಕೆಯ ಮುಖದಲ್ಲಿ ಮೂಡುವ ಭಾವವನ್ನು ಯಾವ ನ್ಯಾಯಾಲಯವೂ ತಿದ್ದಲಾರದು. ಅದನ್ನು ತಿದ್ದುವ ಕೆಲಸ ಮನೆಮನೆಗಳಿಗೆ ಸೇರಿದ್ದು; ಹೆಣ್ಣು ನೋಡಲು ಕುಳಿತ ಚಾಪೆಗೆ, ಮಕ್ಕಳ ಮುಂದಿನ ಓದಿನ ಮಾತು ನಡೆಯುವ ಊಟದ ಪಂಕ್ತಿಗೆ ಸೇರಿದ್ದು.

ದಾದರದ ಹೂವಿನ ಮಾರುಕಟ್ಟೆಯಲ್ಲಿ ಆ ವೇಳೆಗೆ ನಾಳಿನ ಮದುವೆಗಳಿಗೆ ಹಾರಗಳು ಕಟ್ಟಲ್ಪಡುತ್ತಿರುತ್ತವೆ. ನಾಳೆ ಮುಂಜಾನೆ ನಾಲ್ಕಕ್ಕೆ ಎಷ್ಟೋ ಮನೆಗಳ ಬಾಗಿಲಲ್ಲಿ ಪೆಟ್ಟಿಗೆ ಹಿಡಿದ ಹುಡುಗಿಯೊಬ್ಬಳು ನಿಂತಿರುತ್ತಾಳೆ. ಆಕೆಯ ಕೈಗೆ ಮೊದಲು ಒಂದು ಲೋಟ ಬಿಸಿ ಕಾಫಿಯನ್ನು ಕೊಟ್ಟು, ‘ಬಾರಮ್ಮಾ’ ಎಂದು ಒಳಗೆ ಕರೆದ ಮನೆಯಲ್ಲಿ ‘ಹರಿಶ್ಚಂದ್ರನ ಕಾರ್ಖಾನೆ’ ಶಾಶ್ವತವಾಗಿ ಮುಚ್ಚಿತೆಂದು ತಿಳಿಯಬಹುದು.