ಇದಕ್ಕೆ ಎ.ಸಿ. ಕೋರ್ಟಿಲ್ಲ

ಗುಬ್ಬಿ, ಕುಣಿಗಲ್ ಕಡೆಯವರಿಗೆ ಅಪೀಲು ಹೊಸದೇನಲ್ಲ. ಖಾತೆ ವಿಚಾರದಲ್ಲಿ ತಹಶೀಲ್ದಾರರ ಆದೇಶ ಸರಿಬರಲಿಲ್ವಾ, ತುಮಕೂರಿನಲ್ಲಿ ಎ.ಸಿ. ಕೋರ್ಟಿದೆ. ಅಲ್ಲೂ ಆಗಲಿಲ್ವಾ, ಡಿ.ಸಿ. ಇದ್ದಾರೆ. ಚಪ್ಪಲಿ ಸವೆದರೂ ಇನ್ನೊಂದು ಬಾಗಿಲಂತೂ ಇರುತ್ತೆ.

ಹಾಗಾಗಿ ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟು, ವೀಸಾ ಸಿಗದೆ ಚೆನ್ನೈನಿಂದ ವಾಪಸ್ ಬಂದ ಅಪ್ಪ-ಅಮ್ಮ ಮೊದಲು ಕೇಳೋದೇ, "ಅಪೀಲು ಎಲ್ಲಿ ಹಾಕ್ಬೇಕು?"

ಎಲ್ಲೂ ಇಲ್ಲ. ಅಮೆರಿಕದ ವಲಸೆ ಕಾನೂನಿನ 214(ಬಿ) ಸೆಕ್ಷನ್ ಅಂತ ಬರೆದ ಒಂದು ಹಾಳೆ ಕೈಗೆ ಬರುತ್ತೆ, ಅಷ್ಟೇ. ಅಲ್ಲೇ ಉಳಿದುಬಿಡೋ ಪೈಕಿ ಅಲ್ಲ ಅಂತ ಸಾಬೀತು ಮಾಡೋ ಹೊಣೆ ಅರ್ಜಿದಾರರದ್ದೇ. ಪಹಣಿ, ಅಡಿಕೆ ತೋಟದ ಫೋಟೋ, ಪೆನ್ಷನ್ ಪುಸ್ತಕ ಎಲ್ಲಾ ಪ್ಲಾಸ್ಟಿಕ್ ಫೈಲಿನಲ್ಲಿ ಜೋಡಿಸಿಕೊಂಡು ಹೋಗಿರ್ತಾರೆ. ಎಷ್ಟೋ ಸಲ ಗಾಜಿನ ಆಚೆಯವರು ಆ ಫೈಲು ಕೇಳೋದೇ ಇಲ್ಲ. ಮತ್ತೆ ಪ್ರಯತ್ನಿಸ್ತೀರಾ? ಹೊಸ ಅರ್ಜಿ, ತಲೆಗೆ ಮತ್ತೆ 185 ಡಾಲರ್.

ಬ್ರಿಟನ್ನಿನಲ್ಲಿ ಮಕ್ಕಳನ್ನ ನೋಡಲು ಹೋಗೋರಿಗೆ ಇದ್ದ ಅಪೀಲಿನ ಹಕ್ಕು 2013ರಲ್ಲೇ ಹೋಯ್ತು. ಜರ್ಮನಿಯವರು ದೂತಾವಾಸದಲ್ಲೇ ಮರುಪರಿಶೀಲನೆ ಕೇಳೋ ಪದ್ಧತಿಯನ್ನ 2025ರ ಜುಲೈನಲ್ಲಿ ನಿಲ್ಲಿಸಿದರು. ಬರ್ಲಿನ್ ಕೋರ್ಟಿಗೆ ಹೋಗಬಹುದು, ಹೋಗೋರು ಯಾರು? ಫ್ರಾನ್ಸಿನಲ್ಲಿ ಅಪೀಲು ಇನ್ನೂ ಇದೆ, ಮೂವತ್ತು ದಿನದೊಳಗೆ ಹಾಕಬೇಕು.

ಅಮೆರಿಕ ವಿಸಿಟರ್ ವೀಸಾಗೆ "ಅಪೀಲು ಮಾಡಿಸಿಕೊಡ್ತೀನಿ" ಅಂತ ಯಾವನಾದರೂ ಏಜೆಂಟು ದುಡ್ಡು ಕೇಳಿದರೆ ಬಾಗಿಲು ತೋರಿಸಿ. ಅದಕ್ಕಿಂತ ಡಿಎಸ್-160 ಅನ್ನೋ ವೀಸಾ ಅರ್ಜಿ ಫಾರಂ ಕೈಗೆ ತಗೊಳ್ಳಿ. ಸಾಮಾನ್ಯವಾಗಿ ಅದನ್ನ ತುಂಬಿರೋದು ಬೇರೆಯವರು. ಉದ್ಯೋಗ, ಆದಾಯದ ಕಾಲಂನಲ್ಲಿ ಏನಿದೆ ಅಂತ ಅಪ್ಪನಿಗೇ ಗೊತ್ತಿರಲ್ಲ. ಎರಡನೇ ಸಲ ಫೀಸು ಕಟ್ಟೋ ಮುಂಚೆ ಅದನ್ನ ಅವರಿಗೆ ಕನ್ನಡದಲ್ಲಿ ಪೂರ್ತಿ ಓದಿ ಹೇಳಿ.