ಕಂಬಳಿ ಹೊದ್ದ ಕಾರು

ಮದುವೆಯಾಗಿ ಬಂದ ಹೆಣ್ಣಿಗೆ ಗಂಡನ ಮನೆಯಿಂದ ಸಿಗುವ ಆಸ್ತಿ ಬಗೆಬಗೆಯದು. ಒಬ್ಬಳಿಗೆ ಅತ್ತೆಯ ಕಾಸಿನ ಸರ, ಇನ್ನೊಬ್ಬಳಿಗೆ ಹಿತ್ತಾಳೆಯ ಹಂಡೆ, ಮತ್ತೊಬ್ಬಳಿಗೆ ನಾಲ್ಕು ಗುಂಟೆ ಮಾವಿನ ತೋಪು. ನನಗೆ ಸಿಕ್ಕಿದ್ದು 1979ರ ಮಾಡೆಲ್ಲಿನ ಒಂದು ಅಂಬಾಸಿಡರ್ ಕಾರು. ಸಿಕ್ಕಿದ್ದು ಅನ್ನುವುದಕ್ಕಿಂತ ಗಂಟುಬಿದ್ದದ್ದು ಅನ್ನುವುದೇ ಸರಿ. ಮಾವನವರು ತೆಂಗಿನಕಾಯಿ ಮಾರಿದ ದುಡ್ಡಿನಲ್ಲಿ ಕೊಂಡ ಕಾರು ಅದು. ಅವರು ಹೋದ ಮೇಲೆ ನಮ್ಮ ಯಜಮಾನರು ಅದನ್ನು ತಂದೆಯಂತೆಯೇ ನೋಡಿಕೊಂಡರು. ಅಂದರೆ, ಅದು ಎಷ್ಟು ರೇಗಿದರೂ ಎದುರು ಮಾತಾಡುತ್ತಿರಲಿಲ್ಲ.

ನಮ್ಮ ಮದುವೆಯಾದ ಎರಡನೆಯ ವರ್ಷ, 1994ರಲ್ಲಿ, ಪೆಟ್ರೋಲಿನ ಖರ್ಚು ತಡೆಯಲಾರದೆ ಅವರು ಅದರ ಎಂಜಿನ್ ಕಿತ್ತು ಮೆಟಡಾರ್ ವ್ಯಾನಿನ ಡೀಸೆಲ್ ಎಂಜಿನ್ ಕೂರಿಸಿದರು. ಆ ಕಾಲಕ್ಕೆ ಹೀಗೆ ಮಾಡಿಸಿದವರು ಇವರೊಬ್ಬರೇ ಅಲ್ಲ. ಆರ್.ಟಿ.ಓ. ಪುಸ್ತಕದಲ್ಲೂ ಬರೆಸಿದರು. ಖರ್ಚೇನೋ ಇಳಿಯಿತು. ಆದರೆ ವ್ಯಾನಿನ ಎಂಜಿನ್ ವ್ಯಾನಿನ ಬುದ್ಧಿಯನ್ನು ಬಿಡುತ್ತದೆಯೇ? ಕಾರಿನೊಳಗೆ ಕುಳಿತರೆ ಹಿಟ್ಟಿನ ಗಿರಣಿಯೊಳಗೆ ಕುಳಿತಂತೆ. ಸದ್ದು ಒಂದು ಕಡೆಯಾದರೆ ಶಾಖ ಇನ್ನೊಂದು ಕಡೆ. ಮುಂದಿನ ಸೀಟಿನಲ್ಲಿ ಕಾಲಿಡುವ ಜಾಗದ ತಗಡು ರೊಟ್ಟಿ ಹೆಂಚಿನ ಹಾಗೆ ಕಾಯುತ್ತಿತ್ತು. ಚಿತ್ರದುರ್ಗದ ಏಪ್ರಿಲ್ ಬಿಸಿಲು, ಸುತ್ತಲೂ ಕಾದ ಬಂಡೆಗಳು, ಕಾಲ ಕೆಳಗೆ ಈ ಹೆಂಚು. ನನ್ನ ಚಪ್ಪಲಿಯ ಅಂಟು ಎರಡು ಸಲ ಬಿಟ್ಟುಕೊಂಡಿದೆ ಅಂದರೆ ನೀವು ನಂಬಬೇಕು.

ಅಮೆರಿಕದಲ್ಲಿರುವ ನನ್ನ ತಮ್ಮನ ಮಗ ಒಮ್ಮೆ ಬಂದಾಗ ಈ ಕಾರು ನೋಡಿ ಕುಣಿದಾಡಿದ. "ಅತ್ತೇ, ಇದು ಹಾಟ್ ರಾಡ್!" ಅಂದ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಕ್ಯಾಲಿಫೋರ್ನಿಯಾದ ಹುಡುಗರು 1932ರ ಫೋರ್ಡಿನಂಥ ಹಳೆಯ ಕಾರುಗಳನ್ನು ಅಗ್ಗಕ್ಕೆ ಕೊಂಡು, ಬೇಡದ ತಗಡು ಕಿತ್ತೆಸೆದು, ಎಂಜಿನ್ನಿನ ಬಲ ಹೆಚ್ಚಿಸಿ, ಒಣಗಿದ ಕೆರೆಯಂಗಳಗಳಲ್ಲಿ ಓಡಿಸುತ್ತಿದ್ದರಂತೆ. ಅಂಥ ಗಾಡಿಗಳಿಗೆ ಆ ಹೆಸರಂತೆ. ಒಣಗಿದ ಕೆರೆಗಳಿಗೆ ನಮ್ಮ ಜಿಲ್ಲೆಯಲ್ಲೇನು ಬರವೇ ಎಂದು ನಾನು ನಕ್ಕೆ. ಹಾಟ್ ರಾಡ್ ಅಂದರೆ ಕನ್ನಡದಲ್ಲಿ ಕಾದ ಸಲಾಕೆ. ಮೂವತ್ತು ವರ್ಷ ಆ ಸಲಾಕೆಯಿಂದ ಬರೆ ಹಾಕಿಸಿಕೊಂಡವಳು ನಾನು. ಹೆಸರು ಇಟ್ಟವರು ತಿಳಿದೇ ಇಟ್ಟಿದ್ದಾರೆ ಅನ್ನಿಸಿತು.

ಹೊಸ ಕಾರು ಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದೆ, ಮೂವತ್ತು ವರ್ಷ ಕೇಳಿದೆ. ಮಗಳ ಓದು, ಮದುವೆ, ಮನೆಯ ಸಾಲ ಎಂದು ಅದು ಮುಂದಕ್ಕೆ ಹೋಗುತ್ತಲೇ ಇತ್ತು. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಎಂದು ನನಗೆ ವರ್ಗವಾದಲ್ಲೆಲ್ಲ ಬಸ್ಸಿನಲ್ಲೇ ಓಡಾಡಿದೆ. ಕಾರೇನಿದ್ದರೂ ಹಬ್ಬಕ್ಕೆ, ತೋಟಕ್ಕೆ, ಆಸ್ಪತ್ರೆಗೆ.

ಆಸ್ಪತ್ರೆಯ ವಿಷಯ ಬಂದಾಗಲೇ ಕಷ್ಟ ಶುರುವಾದದ್ದು. ನಮ್ಮ ಅತ್ತೆ ಹೊಸದುರ್ಗದ ಹತ್ತಿರದ ತೋಟದ ಮನೆ ಬಿಟ್ಟು ಬರುವವರಲ್ಲ. ಎಂಬತ್ತೈದು ದಾಟಿದ ಜೀವ. ಎದೆಯ ಕವಾಟ ಸರಿಯಾಗಿ ಮುಚ್ಚುತ್ತಿಲ್ಲ ಎಂದು ಗೊತ್ತಾದ ಮೇಲೆ ತಿಂಗಳಿಗೊಮ್ಮೆ ದುರ್ಗಕ್ಕೆ ಕರೆತಂದು ತೋರಿಸಬೇಕಾಯಿತು. ಹೊಳಲ್ಕೆರೆಯ ಮೇಲೆ ಸುಮಾರು ಅರವತ್ತು ಕಿಲೋಮೀಟರು. ಹಿಂದಿನ ಸೀಟಿನಲ್ಲಿ ಅವರು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಕೂರುತ್ತಿದ್ದರು. ಇಳಿಯುವಾಗ ಮಾತೇ ಹೊರಡುತ್ತಿರಲಿಲ್ಲ. ದಾರಿಯಲ್ಲಿ ಏನು ಕೇಳಿದರೂ ಉತ್ತರವಿಲ್ಲ. ಅವರಿಗೆ ಕಿವಿ ಮಂದವಾಗಿದೆ ಎಂದು ನಾವಿಬ್ಬರೂ ತೀರ್ಮಾನ ಮಾಡಿಬಿಟ್ಟಿದ್ದೆವು. ಮುಂದಿನ ಸೀಟಿನಲ್ಲಿ ಒಬ್ಬರ ಕಿವಿಗೆ ಇನ್ನೊಬ್ಬರು ಬಾಯಿಟ್ಟು ಅವರ ಔಷಧಿ, ಅವರ ಖರ್ಚು, ಅವರ ತೋಟ ಎಲ್ಲವನ್ನೂ ಮಾತಾಡಿಕೊಳ್ಳುತ್ತಿದ್ದೆವು.

ಒಂದು ದಿನ ಅತ್ತೆ ಕಾರಿನಿಂದ ಇಳಿದವರೇ ತಲೆ ಸುತ್ತಿ ಮೆಟ್ಟಿಲ ಮೇಲೆ ಕುಸಿದರು. ಅಂದು ನಾನು ಯಜಮಾನರಿಗೆ ಹೇಳಿದೆ, "ಈ ಕಾರನ್ನು ಮಾರಿ, ಇಲ್ಲವೇ ಮನುಷ್ಯರು ಕೂರುವ ಹಾಗೆ ಮಾಡಿ." ಮಾರುವುದು ಅವರ ಕೈಲಾಗುವ ಕೆಲಸವಲ್ಲ. ಎರಡನೆಯದಕ್ಕೆ ಇಳಿದರು.

ಮೊದಲ ಪ್ರಯತ್ನ ಅವರದೇ. 2021ರ ಬೇಸಿಗೆಯಲ್ಲಿ ತೆಂಗಿನ ನಾರಿನ ಹಾಸು ತಂದು ಕಾರಿನ ನೆಲಕ್ಕೆಲ್ಲ ಅಂಟು ಬಳಿದು ಅಂಟಿಸಿದರು. ತೆಂಗಿನ ಸೀಮೆಯವರಿಗೆ ನಾರು ಬಿಟ್ಟು ಬೇರೇನು ಹೊಳೆದೀತು? ಎರಡು ತಿಂಗಳು ಸ್ವರ್ಗ. ಕಾರ್ತೀಕದಲ್ಲಿ ಹಿಡಿದ ಮಳೆಗೆ ಬಾಗಿಲ ಸಂದಿಯಿಂದ ನೀರು ಇಳಿಯಿತು. ನಾರು ಅದನ್ನು ಕುಡಿದು ಕುಳಿತುಕೊಂಡಿತು. ಕಾರಿಗೆ ಕೊಳೆತ ಕೆರೆಯ ವಾಸನೆ. ಕಿತ್ತು ನೋಡಿದರೆ ತಗಡು ತುಕ್ಕು ಹಿಡಿದು ಹಪ್ಪಳವಾಗಿತ್ತು. ಬೆರಳಿಟ್ಟರೆ ರಸ್ತೆ ಕಾಣುತ್ತಿತ್ತು.

2022ರ ಬೇಸಿಗೆ ರಜೆಯಲ್ಲಿ ಕಾರು ಮೇಸ್ತ್ರಿಯ ಶೆಡ್ಡು ಸೇರಿತು. ನನಗೂ ಶಾಲೆ ಇರಲಿಲ್ಲ. ದುಡ್ಡು ನನ್ನದಾದ್ದರಿಂದ ದಿನಾ ಹೋಗಿ ನಿಂತೆ. ಮೇಸ್ತ್ರಿ ನಮ್ಮ ಶಾಲೆಯಲ್ಲಿ ಓದಿದವನು, ನನ್ನ ಸಮಾಜ ವಿಜ್ಞಾನದಲ್ಲಿ ಎರಡು ಸಲ ಫೇಲಾದವನು. ಈಗ ಅವನ ತರಗತಿಯಲ್ಲಿ ನಾನು ಕುಳಿತೆ.

ಮೊದಲ ರಾತ್ರಿ ಅವನು ಮಾಡಿದ್ದು ಒಂದೇ ಕೆಲಸ. ಸೀಟು, ಹಾಸು ಎಲ್ಲ ಕಿತ್ತು, ಕಾರಿನೊಳಗೆ ದೊಡ್ಡ ಬಲ್ಬು ಹೊತ್ತಿಸಿ, ಶೆಡ್ಡಿನ ದೀಪ ಆರಿಸಿದ. ಅಬ್ಬಾ! ಕಾರು ದೀಪಾವಳಿಯ ಆಕಾಶಬುಟ್ಟಿಯಾಗಿತ್ತು. ಎಂಜಿನ್ನಿಗೂ ನಾವು ಕೂರುವ ಜಾಗಕ್ಕೂ ನಡುವಿನ ತಗಡಿನಲ್ಲಿ ಹತ್ತಾರು ತೂತು. ಹಳೆಯ ಎಂಜಿನ್ನಿನ ವೈರು, ಕೇಬಲ್ಲು ಹಾದುಹೋಗಿದ್ದ ತೂತುಗಳನ್ನು ಯಾರೂ ಮುಚ್ಚಿರಲಿಲ್ಲ. "ಬೆಳಕು ತೂರೋ ಕಡೆ ಬಿಸಿಗಾಳಿ ತೂರ್ತೈತೆ, ಸದ್ದು ತೂರ್ತೈತೆ, ಹೊಗೆನೂ ತೂರ್ತೈತೆ ಮೇಡಮ್ಮೋರೇ" ಅಂದ. ಕೊನೆಯ ಮಾತು ಕೇಳಿ ನನ್ನ ಕೈಕಾಲು ತಣ್ಣಗಾಯಿತು. ಎಂಜಿನ್ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅತ್ತೆಗೆ ತಲೆ ಸುತ್ತಿದ್ದು ಬರೀ ಬಿಸಿಲಿಗೋ, ಇದಕ್ಕೂ ಸೇರಿಯೋ ಯಾರಿಗೆ ಗೊತ್ತು? ಕೊಳೆತ ತಗಡು ಕತ್ತರಿಸಿ ಹೊಸದನ್ನು ಬೆಸೆದ. ತುಕ್ಕು ಉಜ್ಜಿ ರೆಡ್ ಆಕ್ಸೈಡ್ ಬಳಿದ. ತೂತಿಗೆಲ್ಲ ರಬ್ಬರು, ಬಾಗಿಲಿಗೆಲ್ಲ ಹೊಸ ಬೀಡಿಂಗು.

ಎರಡನೆಯದು ಸದ್ದಿನ ಪಾಠ. "ಎಂಜಿನ್ ಒಂದೇ ಸದ್ದು ಮಾಡೋದಲ್ಲ. ಈ ಗಾಡಿ ಮೈಯೆಲ್ಲಾ ತಮಟೆ. ಎಂಜಿನ್ ಬಾರಿಸ್ತೈತೆ, ತಗಡು ಹಾಡ್ತೈತೆ" ಎಂದು ಬಾಗಿಲಿಗೆ ಬೆರಳಿನಿಂದ ಹೊಡೆದ. ಟಣ್ ಎಂದಿತು. ಡಾಂಬರಿನಂಥ ಅಂಟುಹಾಳೆಯ ಒಂದು ತುಂಡನ್ನು ತಗಡಿನ ನಡುವೆ ಒತ್ತಿ ಅಂಟಿಸಿ ಮತ್ತೆ ಹೊಡೆದ. ದಬ್ ಎಂದಿತು. ನನಗೆ ತಟ್ಟನೆ ನಮ್ಮ ಶಾಲೆಯ ಗಂಟೆ ನೆನಪಾಯಿತು. ಹುಡುಗರು ಗಂಟೆಗೆ ಕಲ್ಲು ಹೊಡೆದಾಗ ಜವಾನ ಓಡಿಹೋಗಿ ಅದಕ್ಕೆ ಅಂಗೈ ಒತ್ತುತ್ತಾನೆ, ಸದ್ದು ಅಲ್ಲೇ ಸಾಯುತ್ತದೆ. ಇದೂ ಅದೇ. ಇಡೀ ತಗಡು ಮುಚ್ಚಬೇಕಿಲ್ಲ. ನಡುಭಾಗದಲ್ಲಿ ಕಾಲು ಭಾಗದಿಂದ ಅರ್ಧದವರೆಗೆ ಅಂಟಿಸಿದರೆ ಸಾಕು, ತಗಡು ನಡುಗುವುದನ್ನು ಬಿಡುತ್ತದೆ. ಮೇಲೆಲ್ಲ ಬಳಿದರೆ ದುಡ್ಡು ದಂಡ, ಕಾರೂ ಭಾರ.

ಶಾಖದ ಪಾಠ ಹೇಳಿದ್ದು ನನ್ನ ಸಹೋದ್ಯೋಗಿ, ವಿಜ್ಞಾನದ ಟೀಚರು. ನಾನು ಬಿ.ಎ. ಓದಿದವಳು. ವಹನ, ಸಂವಹನ, ವಿಕಿರಣ ಅನ್ನುವುದನ್ನು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿ ಮರೆತವಳು. ಆಕೆ ಸರಳವಾಗಿ ಹೇಳಿದರು: ಹೆಂಚು ಮುಟ್ಟಿದರೆ ಸುಡುವುದು ವಹನ, ಬಿಸಿಗಾಳಿ ಹರಿದು ಬರುವುದು ಸಂವಹನ, ಒಲೆಯ ಮುಂದೆ ಕುಳಿತರೆ ಮುಟ್ಟದೆಯೇ ಮುಖ ಕಾಯುವುದು ವಿಕಿರಣ. ಕಾರಿನಲ್ಲಿ ಮೂರೂ ಇವೆ. ತೂತು ಮುಚ್ಚಿದ್ದರಿಂದ ಬಿಸಿಗಾಳಿ ನಿಂತಿತು. ವಿಕಿರಣಕ್ಕೆ ಹೊಳೆಯುವ ಅಲ್ಯೂಮಿನಿಯಂ ಹಾಳೆ ಬೇಕು. ಆದರೆ ಅದರ ಮುಂದೆ ಒಂದಿಷ್ಟು ಗಾಳಿಯ ಜಾಗ ಇರಬೇಕು. ಬಿಸಿ ತಗಡಿಗೆ ಅಂಟಿಸಿಬಿಟ್ಟರೆ ಹಾಳೆಯೂ ಅದರ ಜೊತೆ ಕಾಯುತ್ತದೆ. ಅದಕ್ಕೇ ಮೇಸ್ತ್ರಿ ಸೈಲೆನ್ಸರ್ ಕೊಳವೆಗೂ ನೆಲಕ್ಕೂ ನಡುವೆ, ಎರಡಕ್ಕೂ ತಾಗದಂತೆ ಒಂದು ಹೊಳೆಯುವ ತಗಡನ್ನು ತೂಗುಹಾಕಿದ. ಛಾವಣಿಯ ಬಟ್ಟೆ ಬಿಚ್ಚಿ ಒಳಗೆ ಕಪ್ಪು ಫೋಮಿನ ಹಾಳೆ ಕೊಟ್ಟ.

ಇನ್ನು ಉಳಿದದ್ದು ವಹನ. ನೆಲಕ್ಕೆ ಏನು ಹಾಸುವುದು? ಅಂಗಡಿಯ ಫೆಲ್ಟಿನ ಬೆಲೆ ಕೇಳಿ ನಾನು ಸುಮ್ಮನಾದೆ. ಆ ವಾರ ತೋಟಕ್ಕೆ ಹೋದಾಗ ಅತ್ತೆಯ ಮುಂದೆ ಮಾತು ಬಂತು. ಅವರು ಎದ್ದುಹೋಗಿ ಅಟ್ಟದಿಂದ ಎರಡು ಕಂಬಳಿ ಇಳಿಸಿಸಿದರು. ಚಳ್ಳಕೆರೆ ಸೀಮೆಯ ಕರಿ ಕಂಬಳಿ, ಮಾವನವರು ಕೊಂಡಿದ್ದಂತೆ. ನಡುವೆ ಒಣಗಿದ ಬೇವಿನ ಸೊಪ್ಪು. "ಕುರಿ ಕಾಯೋನು ಸುಡು ಬಿಸ್ಲಲ್ಲೂ ಕಂಬ್ಳಿ ಹೊದ್ದಿರ್ತಾನೆ, ಯಾತಕ್ಕೆ ಅಂದ್ಕೊಂಡಿದೀಯವ್ವಾ? ಉಣ್ಣೆ ಚಳೀನೂ ತಡೀತೈತೆ, ಬಿಸ್ಲೂ ತಡೀತೈತೆ" ಅಂದರು. ನನಗೆ ನಾಚಿಕೆಯಾಯಿತು. ನಾನು ಹುಟ್ಟಿದ ಮನೆ ಮಾಳಿಗೆಯದು. ತೊಲೆ, ಜಂತೆಯ ಮೇಲೆ ಮೊಣಕೈ ದಪ್ಪ ಮಣ್ಣು ಹಾಕಿ ನಮ್ಮ ಹಿರಿಯರು ಏಪ್ರಿಲ್ ತಿಂಗಳನ್ನು ತಲೆಯ ಮೇಲೆಯೇ ತಡೆದು ನಿಲ್ಲಿಸುತ್ತಿದ್ದರು. ಅದನ್ನೆಲ್ಲ ಮರೆತು ಅಂಗಡಿ ಸುತ್ತುತ್ತಿದ್ದೆ.

ಮೇಸ್ತ್ರಿ ಕಂಬಳಿ ನೋಡಿ ನಗಲಿಲ್ಲ. "ಉಣ್ಣೆ ಬಟ್ಟೆಗೆ ಬೆಂಕಿ ಬೇಗ ಹತ್ತಲ್ಲ, ಒಳ್ಳೇದು. ಆದ್ರೆ ಅಂಟಿಸೋದು ಬ್ಯಾಡ" ಅಂದ. ನಾರಿನ ಪಾಠ ಅವನಿಗೂ ಗೊತ್ತಿತ್ತು. ಕಂಬಳಿ ಮಡಿಸಿ ಅಳತೆಗೆ ಕತ್ತರಿಸಿ, ಅಂಚು ಹೊಲಿಸಿ, ಬೇಕಾದಾಗ ಎತ್ತಿ ಬಿಸಿಲಿಗೆ ಹಾಕುವ ಹಾಗೆ ಹಾಸಿದೆವು. ಮೇಲೆ ರಬ್ಬರ್ ಮ್ಯಾಟು.

ಜೂನ್ ತಿಂಗಳಲ್ಲಿ ಅತ್ತೆಯನ್ನು ಡಾಕ್ಟರಿಗೆ ತೋರಿಸಿ ವಾಪಸು ಬಿಡಲು ಹೊರಟೆವು. ಎಂಜಿನ್ ಸದ್ದು ಹೋಗಿರಲಿಲ್ಲ, ಪಕ್ಕದ ಕೋಣೆಗೆ ಸರಿದಿತ್ತು. ಕಾಲಿಗೆ ಬೆಚ್ಚಗೆ, ಅಷ್ಟೇ. ಹೊಳಲ್ಕೆರೆ ದಾಟಿದ ಮೇಲೆ ಯಜಮಾನರು ಎಂದಿನಂತೆ ಬಗ್ಗಿ ಹೇಳಿದರು: "ಆಪರೇಷನ್ ಅಂದ್ರೆ ಅಮ್ಮ ಒಪ್ಪಲ್ಲ ಕಣೇ. ಬರೀ ಪರೀಕ್ಷೆ ಅಂತ ಹೇಳಿ ಬೆಂಗಳೂರಿಗೆ ಕರ್ಕೊಂಡೋಗಿ ಸೇರಿಸಿಬಿಡೋಣ." ನಾನು ಅಂದೆ, "ಹೂಂ ರೀ. ಹಾಗೇ ತೋಟಾನೂ ಗುತ್ತಿಗೆಗೆ ಕೊಟ್ಟುಬಿಡಿ. ಆಮೇಲೆ ಇಲ್ಲಿಗೆ ಬರೋ ಮಾತೇ ಇರಲ್ಲ."

ಹಿಂದಿನಿಂದ ಮೆಲ್ಲಗೆ ದನಿ ಬಂತು. "ನಂಗೆ ಕೇಳ್ತೈತೆ ಕಣಪ್ಪಾ."

ಯಜಮಾನರು ಹುಣಸೆಮರದ ಕೆಳಗೆ ಕಾರು ನಿಲ್ಲಿಸಿದರು. ನಾನು ತಿರುಗಿ ನೋಡಲಿಲ್ಲ, ಆಗಲಿಲ್ಲ. ಅತ್ತೆ ಕೂಗಾಡಲಿಲ್ಲ. "ಇಷ್ಟು ದಿವ್ಸ ಮುಂದೆ ಕೂತು ನೀವಿಬ್ರೂ ಏನೇನು ತೀರ್ಮಾನ ಮಾಡಿದ್ರೋ, ಈ ಗಾಡಿ ಸದ್ದಿಗೆ ನಂಗೆ ಕೇಳ್ತಿರ್ಲಿಲ್ಲ. ಇವತ್ತು ಕೇಳ್ತು, ಒಳ್ಳೇದಾತು. ಎದೆ ನಂದು, ತೋಟ ನಂದು. ನನ್ನೂ ಒಂದು ಮಾತು ಕೇಳ್ರಿ" ಅಂದರು.

ಕಿವಿ ಮಂದವಾಗಿದ್ದದ್ದು ಅವರಿಗಲ್ಲ.

ಮುಂದಿನ ತಿಂಗಳು ಡಾಕ್ಟರ ಮುಂದೆ ಅತ್ತೆಯೇ ಕುಳಿತು ಕೇಳಿದರು. ಆಪರೇಷನ್ ಮಾಡಿಸಿದರೆ ಹೇಗೆ, ಮಾಡಿಸದಿದ್ದರೆ ಹೇಗೆ, ಎಷ್ಟು ದಿನ ಹಾಸಿಗೆ ಹಿಡಿಯಬೇಕು. ಡಾಕ್ಟರೂ ನಮ್ಮನ್ನು ಬಿಟ್ಟು ಅವರಿಗೇ ಉತ್ತರ ಹೇಳಿದರು. ಅತ್ತೆ ಮಾತ್ರೆಯೇ ಸಾಕೆಂದರು, ತೋಟದ ಮನೆಯಲ್ಲೇ ಇರುತ್ತೇನೆಂದರು. ಆಮೇಲೆ ಒಂದು ಆಸೆ ಹೇಳಿದರು.

2022ರ ಸೆಪ್ಟೆಂಬರ್ ಮೊದಲಲ್ಲಿ ಹಿರಿಯೂರಿನ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, ಕೋಡಿ ಬಿದ್ದಿತು. ಮೈಸೂರಿನ ಅರಸರು 1907ರ ಹೊತ್ತಿಗೆ ಕಟ್ಟಿ ಮುಗಿಸಿದ ಅಣೆಕಟ್ಟು. 1933ರಲ್ಲಿ ತುಂಬಿ ಹರಿದದ್ದು ಬಿಟ್ಟರೆ ಎಂಬತ್ತೊಂಬತ್ತು ವರ್ಷ ಹರಿದಿರಲಿಲ್ಲ. ಆಗಿನ ಕೋಡಿಯನ್ನು ಅತ್ತೆಯ ತಾಯಿ ಗಾಡಿ ಕಟ್ಟಿಸಿಕೊಂಡು ಹೋಗಿ ನೋಡಿದ್ದರಂತೆ. ಅತ್ತೆ ಆಗಿನ್ನೂ ಹುಟ್ಟಿರಲಿಲ್ಲ. ತಾಯಿ ಕಂಡದ್ದನ್ನು ತಾನೂ ಕಾಣಬೇಕು ಎನ್ನುವುದಷ್ಟೇ ಅವರ ಆಸೆ.

ಜಿಲ್ಲೆಯೇ ಅಲ್ಲಿಗೆ ಬಂದಂತೆ ಜನ. ಅತ್ತೆಯನ್ನು ನಡೆಸಿಕೊಂಡು ಹೋಗುವ ಹಾಗಿರಲಿಲ್ಲ. ದೂರದಿಂದಲೇ ಬೆಳ್ಳಗೆ ಇಳಿಯುವ ನೀರು ಕಾಣುವ ಕಡೆ ಕಾರು ನಿಲ್ಲಿಸಿದೆವು. ಎಂಜಿನ್ ಆರಿಸಿದರು. ಒಳಗೆಲ್ಲ ನಿಶ್ಶಬ್ದ. ಅಷ್ಟು ದುಡ್ಡು ಸುರಿದು, ಅಷ್ಟು ತೂತು ಮುಚ್ಚಿ, ಹೊರಗಿನ ಸದ್ದನ್ನೆಲ್ಲ ಹೊರಗೇ ಇಟ್ಟಿದ್ದೆವಲ್ಲ. ಅತ್ತೆ ನನ್ನ ಭುಜ ಮುಟ್ಟಿದರು. "ಗ್ಲಾಸು ಇಳ್ಸವ್ವಾ, ನೀರಿನ ಸದ್ದು ಕೇಳ್ಬೇಕು" ಅಂದರು. ನಾಲ್ಕೂ ಗಾಜು ಇಳಿಸಿದೆವು.

ಅವರು ಹೋಗಿ ಈಗ ಎರಡು ವರ್ಷದ ಮೇಲಾಯಿತು. ತೋಟದ ಮನೆಯಲ್ಲೇ, ಅವರ ಮಂಚದ ಮೇಲೆಯೇ. ಅಂಬಾಸಿಡರ್ ಕಾರು ತಯಾರಿಸುವುದನ್ನು 2014ರಲ್ಲೇ ನಿಲ್ಲಿಸಿದ್ದಾರೆ, ನಮ್ಮದು ಇನ್ನೂ ಓಡುತ್ತಿದೆ. ಮಳೆಗಾಲ ಮುಗಿದ ಮೇಲೆ ಕಂಬಳಿಯ ತುಂಡುಗಳನ್ನು ತೆಗೆದು ಬಿಸಿಲಿಗೆ ಹಾಕಿ, ಹೊಸ ಬೇವಿನ ಸೊಪ್ಪು ಇಟ್ಟು ಮತ್ತೆ ಹಾಸುತ್ತೇನೆ. ಹೊಸ ಕಾರಿನ ಮಾತು ಈಗ ನಾನು ಎತ್ತುವುದಿಲ್ಲ. ಮುಂದಿನ ಸೀಟಿನಲ್ಲಿ ಕುಳಿತು ಮನೆಯ ವಿಷಯ ಏನಾದರೂ ಮಾತಾಡಬೇಕಾದರೆ ಮಾತ್ರ, ಒಂದು ಸಲ ಹಿಂದೆ ತಿರುಗಿ ನೋಡುತ್ತೇನೆ.